ತಿರುಗುವ ಸೌರಫಲಕ ಬೇಕೇ?

ಸೋಲಾರ್ ಪಂಪಿಗೆ ಎಂಥ ಫಲಕ ಹಾಕಿಸಬೇಕೆಂದು ಕೆಲವು ರೈತ ಬಾಂಧವರು ಕೇಳುತ್ತಿದ್ದೀರಿ. ರಾಜಸ್ಥಾನದ ಥಾರ್ ಮರುಭೂಮಿಯ ಕಡೆ ನೋಡೋಣ. ಅಲ್ಲಿನ ಭಾಡ್ಲಾದಲ್ಲಿ 2,245 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ.

ಮೋಡ ಕಡಿಮೆ ಇರುವ ಇಂಥ ಸೀಮೆಯಲ್ಲಿ ಸೂರ್ಯನೊಂದಿಗೆ ಪೂರ್ವದಿಂದ ಪಶ್ಚಿಮಕ್ಕೆ ತಿರುಗುವ ಫಲಕ, ದಕ್ಷಿಣಕ್ಕೆ ವಾಲಿಸಿ ಬಿಗಿದ ಫಲಕಕ್ಕಿಂತ ವರ್ಷಕ್ಕೆ ಸುಮಾರು ಶೇ. 15ರಿಂದ 20ರಷ್ಟು ಹೆಚ್ಚು ವಿದ್ಯುತ್ ಕೊಡುತ್ತದೆ. ನಡುಹಗಲಲ್ಲಿ ಅಷ್ಟೇನೂ ಅಂತರವಿಲ್ಲ. ಲಾಭವೆಲ್ಲ ಬೆಳಿಗ್ಗೆ ಮತ್ತು ಸಂಜೆಯದು. ಪಂಪು ಬೇಗ ಶುರುವಾಗಿ ತಡವಾಗಿ ನಿಲ್ಲುತ್ತದೆ.

ಆದರೆ ತಿರುಗಲು ಮೋಟಾರು, ಬೇರಿಂಗು ಬೇಕು. ಮರಳು ಧೂಳು ಸೇರಿ ಅವು ಕೆಟ್ಟರೆ ಫಲಕ ತಪ್ಪು ದಿಕ್ಕಿಗೆ ನಿಂತುಬಿಡುತ್ತದೆ. ದೊಡ್ಡ ಪಾರ್ಕಿಗೆ ಮೆಕ್ಯಾನಿಕ್ ಪಕ್ಕದಲ್ಲೇ ಇರುತ್ತಾನೆ. ಸಾಲ ಮಾಡಿ ಪಂಪು ಹಾಕಿಸಿದ ಥಾರ್‌ನ ರೈತ ಅವನಿಗಾಗಿ ಕಾಯುವಷ್ಟರಲ್ಲಿ ಜೀರಿಗೆ ಬೆಳೆ ಒಣಗೀತು!

ಸಣ್ಣ ಪಂಪಿಗೆ ಕೈಯಿಂದ ತಿರುಗಿಸುವ ಚೌಕಟ್ಟೇ ಮೇಲೆಂದು ನಮಗೆ ತೋರುತ್ತದೆ. ಬೆಳಿಗ್ಗೆ ಪೂರ್ವಕ್ಕೆ, ಮಧ್ಯಾಹ್ನ ನೆತ್ತಿಗೆ, ಆಮೇಲೆ ಪಶ್ಚಿಮಕ್ಕೆ. ಹೊಲದಲ್ಲಿ ಆಳಿದ್ದರೆ ಸಾಕು. ಆಳಿಲ್ಲದವರು ಬಿಗಿದದ್ದನ್ನೇ ಹಾಕಿಸಿ, ಉಳಿದ ಹಣಕ್ಕೆ ಒಂದೆರಡು ಫಲಕ ಹೆಚ್ಚು ಕೊಳ್ಳಿರಿ.

ಧೂಳು ಕೂತರೆ ಯಾವ ಫಲಕವೂ ಸೊರಗುತ್ತದೆ. ಭಾಡ್ಲಾದಲ್ಲಿ ನೀರಿಲ್ಲದೆ ಒರೆಸುವ ಯಂತ್ರಗಳೇ ಇವೆ. ನಮಗೆ ಮೆತ್ತನೆಯ ಬಟ್ಟೆ ಸಾಕು. ಬೆಳಗಿನ ತಂಪಿನಲ್ಲಿ ಒರೆಸಿರಿ. ಕಾದ ಗಾಜಿಗೆ ತಣ್ಣೀರು ಎರಚಬೇಡಿರಿ.