ಮೊದಲು ಸೀಟು ನೋಡಿ, ಆಮೇಲೆ ಪರೀಕ್ಷೆ ಆರಿಸಿ

ಹುಣಸೂರು, ಪಿರಿಯಾಪಟ್ಟಣದ ತಂಬಾಕು ಮಾರುಕಟ್ಟೆಗಳಲ್ಲಿ ಹರಾಜು ಬಿರುಸಾಗಿರುವ ನವೆಂಬರ್‌ನಲ್ಲೇ ಕ್ಯಾಟ್ ಪರೀಕ್ಷೆಯೂ ಬರುತ್ತದೆ. ಮನೆಯಲ್ಲಿ ಬೇಲ್ ಕಟ್ಟುವ ಕೆಲಸ, ಕಾಲೇಜಿನಲ್ಲಿ ಸೆಮಿಸ್ಟರ್ ಓದು. ಇವೆರಡರ ನಡುವೆ ಎಂಬಿಎ ಮಾಡಬೇಕೆನ್ನುವ ಬಿ.ಕಾಂ. ವಿದ್ಯಾರ್ಥಿನಿಗೆ ಹೆಸರುಗಳ ಸಾಲೇ ಗೊಂದಲ ಹುಟ್ಟಿಸುತ್ತದೆ: ಕ್ಯಾಟ್, ಮ್ಯಾಟ್, ಸಿಮ್ಯಾಟ್, ಕೆಮ್ಯಾಟ್, ಪಿಜಿಸಿಇಟಿ. ಯಾವುದನ್ನು ಬರೆಯುವುದು?

ಯಾವ ಕಾಲೇಜಿನ ಸೀಟು ಬೇಕೆಂದು ಮೊದಲು ತೀರ್ಮಾನಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳ ಮತ್ತು ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ. ಖಾಸಗಿ ಕಾಲೇಜುಗಳ ಮ್ಯಾನೇಜ್‌ಮೆಂಟ್ ಸೀಟಿಗೆ ಕೆಮ್ಯಾಟ್. 1973ರಲ್ಲಿ ಶುರುವಾದ ಬೆಂಗಳೂರು ಐಐಎಂ ಸೇರಿದಂತೆ ಐಐಎಂಗಳ ಎಂಬಿಎಗೆ ಕ್ಯಾಟ್. ಮೈಸೂರಿನ ಎಸ್‌ಡಿಎಂ ಐಎಂಡಿಯಂಥ ಸಂಸ್ಥೆಗಳು ಮ್ಯಾಟ್, ಸಿಮ್ಯಾಟ್ ಅಂಕಗಳನ್ನೂ ಒಪ್ಪುತ್ತವೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ನಮ್ಮ ಈ ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಪಿಜಿಸಿಇಟಿ ಬುನಾದಿಯಾಗಲಿ. ಗಣಿತ, ಇಂಗ್ಲಿಷ್ ಗಟ್ಟಿಯಿದ್ದವರು ಅದರ ಮೇಲೆ ಕ್ಯಾಟ್ ಬರೆಯಲಿ.

ಇವೆರಡಕ್ಕೂ ಉತ್ತರಿಸುವ ರೀತಿಯೇ ಬೇರೆ. ಪಿಜಿಸಿಇಟಿಯಲ್ಲಿ 100 ಪ್ರಶ್ನೆ, 100 ಅಂಕ, ಎರಡು ಗಂಟೆ. ತಪ್ಪಿಗೆ ಅಂಕ ಕಡಿತವಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಗೊತ್ತಿಲ್ಲದ 20 ಪ್ರಶ್ನೆಗೆ ಊಹಿಸಿ ಗುರುತು ಹಾಕಿದರೂ ನಾಲ್ಕು ಆಯ್ಕೆಗಳ ಲೆಕ್ಕದಲ್ಲಿ ಸುಮಾರು ಐದು ಅಂಕ ಬರಬಹುದು. ಕ್ಯಾಟ್‌ನಲ್ಲಿ ಮೂರು ವಿಭಾಗ, ಒಂದೊಂದಕ್ಕೆ 40 ನಿಮಿಷ. ಸರಿಯುತ್ತರಕ್ಕೆ ಮೂರು ಅಂಕ, ಬಹು ಆಯ್ಕೆ ಪ್ರಶ್ನೆ ತಪ್ಪಾದರೆ ಒಂದು ಕಡಿತ. ಇಂಥ 20 ಪ್ರಶ್ನೆ ಮುಟ್ಟಿ 12 ಸರಿ ಮಾಡಿದವರಿಗೆ 28 ಅಂಕ. 14 ಮುಟ್ಟಿ ಅಷ್ಟೇ 12 ಸರಿ ಮಾಡಿದವರಿಗೆ 34. ದರ ಒಪ್ಪದಿದ್ದರೆ ಬೇಲನ್ನು ವಾಪಸ್ ಒಯ್ಯುವ ರೈತನ ಹಾಗೆ, ಖಾತ್ರಿಯಿಲ್ಲದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವ ಧೈರ್ಯ ಇಲ್ಲಿ ಬೇಕು.

ಎರಡರಲ್ಲೂ ಕೇಳುವ ಗಣಿತದ ಬೇರು ಹೈಸ್ಕೂಲಿನದೇ: ಶೇಕಡಾವಾರು, ಅನುಪಾತ, ಲಾಭ-ನಷ್ಟ, ವೇಗ-ದೂರ. ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಇಂಗ್ಲಿಷ್ ಗದ್ಯಭಾಗವನ್ನು ಬೇಗ ಓದಿ ಅರ್ಥ ಮಾಡಿಕೊಳ್ಳುವಲ್ಲಿ. ಅದು ಎರಡು ತಿಂಗಳ ಕೋಚಿಂಗ್‌ನಿಂದ ಬರುವಂಥದ್ದಲ್ಲ. ಪದವಿಯ ಎರಡನೇ ವರ್ಷದಿಂದಲೇ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ, ಸಾರಾಂಶವನ್ನು ಕನ್ನಡದಲ್ಲಾದರೂ ನಾಲ್ಕು ಸಾಲು ಬರೆಯುವ ಅಭ್ಯಾಸ ಮಾಡಿಕೊಳ್ಳಬೇಕು.

ಇನ್ನೊಂದು ಎಚ್ಚರ ಜಾತಿ ಪ್ರಮಾಣಪತ್ರದ್ದು. ರಾಜ್ಯದ 2ಎ, 3ಎ ಪ್ರಮಾಣಪತ್ರ ಐಐಎಂಗೆ ನಡೆಯುವುದಿಲ್ಲ. ಸಮುದಾಯದ ಹೆಸರು ಕೇಂದ್ರದ ಪಟ್ಟಿಯಲ್ಲಿರಬೇಕು. ಕೇಂದ್ರದ ನಮೂನೆಯ ಕೆನೆಪದರವಲ್ಲದ ಒಬಿಸಿ ಪ್ರಮಾಣಪತ್ರ ಬೇಕು. ಎಚ್.ಡಿ. ಕೋಟೆ ಹಾಡಿಗಳ ಜೇನುಕುರುಬ ಮಕ್ಕಳಿಗೆ ಐಐಎಂಗಳಲ್ಲಿ ಪರಿಶಿಷ್ಟ ಪಂಗಡದ ಶೇ 7.5 ಮೀಸಲಾತಿ ಇದೆ. ಆ ಸುದ್ದಿ ಹಾಡಿಗೆ ತಲುಪಬೇಕು. ಕ್ಯಾಟ್ ಅರ್ಜಿ ಆಗಸ್ಟ್‌ನಲ್ಲಿ ಶುರುವಾಗುತ್ತದೆ, ಜೂನ್‌ನಲ್ಲೇ ತಾಲ್ಲೂಕು ಕಚೇರಿಗೆ ಹೋಗಿ. 2024ರಲ್ಲಿ ಕ್ಯಾಟ್ ಶುಲ್ಕ 2,500 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಸಿಕ್ಕಿದ್ದಕ್ಕೆಲ್ಲ ಅರ್ಜಿ ಹಾಕಿದರೆ ಮನೆಗೆ ಹೊರೆ.

ಕ್ಯಾಟ್ ಪರೀಕ್ಷೆ ಬೆಳಿಗ್ಗೆ 8.30ರ ಪಾಳಿಯಲ್ಲಿ ಮೈಸೂರಿನಲ್ಲಿ ಬಿದ್ದರೆ ಪಿರಿಯಾಪಟ್ಟಣದವರು ಸುಮಾರು 70 ಕಿ.ಮೀ. ಬರಬೇಕು. ಕೆ.ಆರ್. ನಗರಕ್ಕೆ ರೈಲಿದೆ, ಉಳಿದ ಮೂರು ಊರಿಗೆ ಬಸ್ಸೇ ಗತಿ. ಹಿಂದಿನ ರಾತ್ರಿಯೇ ಬಂದು ಉಳಿಯುವುದು ಲೇಸು.

ಮಕ್ಕಳ ಶ್ರಮವೊಂದೇ ಸಾಲದು. ನಾಲ್ಕೂ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಾಲ್ಕನೇ ಸೆಮಿಸ್ಟರ್‌ನಿಂದ ವಾರಕ್ಕೆ ಎರಡು ಗಂಟೆ ಈ ಪರೀಕ್ಷೆಗಳ ತಯಾರಿಗೆ ಮೀಸಲಿಡಲಿ. ಪಿಜಿಸಿಇಟಿ ನಮ್ಮ ರಾಜ್ಯದ್ದೇ ಪರೀಕ್ಷೆ. ಅದರ ಗಣಿತ, ತಾರ್ಕಿಕ ಪ್ರಶ್ನೆಗಳನ್ನು ಕನ್ನಡದಲ್ಲೂ ಮುದ್ರಿಸಲು ಪ್ರಾಧಿಕಾರ ಮನಸ್ಸು ಮಾಡಬೇಕು. ಲೆಕ್ಕ ಬಲ್ಲ ಮಗು ಪ್ರಶ್ನೆಯ ಭಾಷೆಯಿಂದಾಗಿ ಸೀಟು ಕಳೆದುಕೊಳ್ಳುವುದು ನ್ಯಾಯವಲ್ಲ.