ಯಂತ್ರವಿದೆ, ಪಟ್ಟಿಯಿಲ್ಲ: ಗಡಿನಾಡಿನ ಮಧುಮೇಹಿಗಳ ಮನೆಯ ಲೆಕ್ಕ

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಕಬ್ಬಿನ ನಾಡೆಂದು ಹೆಸರಾದವು. ಹಂಗಾಮು ಬಂದಿತೆಂದರೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು ಕಾಣದ ರಸ್ತೆ ಇಲ್ಲಿ ಅಪರೂಪ. ಇದೇ ನಾಡಿನ ಮನೆಮನೆಯಲ್ಲಿ ಇಂದು ‘ಸಕ್ಕರೆ ಕಾಯಿಲೆ’ಯ ಮಾತು ಕೇಳಿಬರುತ್ತಿರುವುದು ವಿಧಿಯ ವಿನೋದವೋ ಏನೋ. ಕಬ್ಬು ಬೆಳೆದವನಿಗೆಲ್ಲ ಈ ರೋಗ ಬರುವುದೆಂದಲ್ಲ. ಅನುವಂಶೀಯತೆ, ಮೈಭಾರ, ದುಡಿಮೆಯಿಲ್ಲದ ದಿನಚರಿ, ಊಟದ ಬದಲಾದ ಕ್ರಮ, ಇವೆಲ್ಲ ಕೂಡಿ ಬರುವ ರೋಗವಿದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ಅದರ ಹೊಸ್ತಿಲಲ್ಲಿ ನಿಂತವರು ಮತ್ತೆ 13.6 ಕೋಟಿಯಷ್ಟೆಂದೂ ಅಂದಾಜು ಮಾಡಿತು.

ಈ ರೋಗದ ಪಥ್ಯ, ಔಷಧಗಳ ಬಗೆಗೆ ಬೇಕಾದಷ್ಟು ಲೇಖನಗಳು ಬಂದಿವೆ. ನಾವು ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಚಿಕ್ಕ ವಸ್ತುವೊಂದರ ಕುರಿತು: ರಕ್ತದ ಸಕ್ಕರೆಯನ್ನು ಮನೆಯಲ್ಲಿಯೇ ಪರೀಕ್ಷಿಸುವ ಯಂತ್ರಕ್ಕೆ ಸಿಕ್ಕಿಸುವ ಬೆರಳುದ್ದದ ಪಟ್ಟಿ, ಎಲ್ಲರ ಬಾಯಲ್ಲೂ ‘ಸ್ಟ್ರಿಪ್’ ಎನಿಸಿಕೊಂಡಿರುವ ವಸ್ತು. ನಮ್ಮ ಹಳ್ಳಿಗಳಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: “ಮಷೀನ್ ಐತ್ರಿ, ಪಟ್ಟಿ ತೀರ್‍ಯಾವ.” ಯಂತ್ರವನ್ನು ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿರುವ ಮಗ ತಂದುಕೊಟ್ಟಿರುತ್ತಾನೆ. ಜೊತೆಗೆ ಬಂದ ಹತ್ತು ಇಪ್ಪತ್ತೈದು ಪಟ್ಟಿಗಳು ಮೊದಲ ತಿಂಗಳ ಉತ್ಸಾಹದಲ್ಲಿ, ನೆರೆಮನೆಯವರ ಬೆರಳಿಗೂ ಚುಚ್ಚಿ ನೋಡುವುದರಲ್ಲಿ ಮುಗಿದುಹೋಗುತ್ತವೆ. ಅನಂತರ ಯಂತ್ರವು ದೇವರ ಗೂಡಿನ ಪಕ್ಕದ ಮಾಡದಲ್ಲಿ ಮೌನವಾಗಿ ಕೂಡುತ್ತದೆ.

ವ್ಯಾಪಾರದ ಮರ್ಮವೇ ಅಲ್ಲಿದೆ. ಯಂತ್ರವನ್ನು ಅಗ್ಗವಾಗಿ ಕೊಟ್ಟು, ಅದಕ್ಕೆ ಮಾತ್ರ ಹೊಂದುವ ಪಟ್ಟಿಯನ್ನು ಬಾಳಿನುದ್ದಕ್ಕೂ ಮಾರುವುದು ಈ ಉದ್ಯಮದ ಪದ್ಧತಿ. ಒಂದು ಕಂಪನಿಯ ಯಂತ್ರಕ್ಕೆ ಇನ್ನೊಂದರ ಪಟ್ಟಿ ಕೂಡುವುದಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಿಗೂ ಹಲವು ಸಲ ಬೇರೆ ಬೇರೆ ಪಟ್ಟಿ. 2021ರ ಜುಲೈನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಗ್ಲುಕೋಮೀಟರ್ ಸಹಿತ ಐದು ವೈದ್ಯಕೀಯ ಸಾಧನಗಳ ಮೇಲಿನ ವ್ಯಾಪಾರಿ ಲಾಭಕ್ಕೆ ಶೇ. 70ರ ಮಿತಿ ಹಾಕಿತು. ಒಳ್ಳೆಯದೇ. ಆದರೆ ಮನೆಯ ಲೆಕ್ಕವನ್ನು ಕೆಡಿಸುವುದು ಒಮ್ಮೆ ಕೊಳ್ಳುವ ಯಂತ್ರವಲ್ಲ, ತಿಂಗಳು ತಿಂಗಳೂ ಕೊಳ್ಳಬೇಕಾದ ಪಟ್ಟಿ.

ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಪೇಟೆಯಲ್ಲಿ ಹೆಸರಾಂತ ವಿದೇಶಿ ಕಂಪನಿಗಳ ಪಟ್ಟಿಯೊಂದಕ್ಕೆ ಸುಮಾರು 20 ರೂಪಾಯಿ ಬೀಳುತ್ತದೆ; ಸ್ವದೇಶಿ ಕಂಪನಿಗಳದು ಸುಮಾರು 10 ರೂಪಾಯಿಗೆ ದೊರೆಯುತ್ತದೆ. ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುವ ಹಿರಿಯರೊಬ್ಬರು ದಿನಕ್ಕೆ ಎರಡು ಸಲ ನೋಡಿಕೊಂಡರೆ ತಿಂಗಳಿಗೆ 60 ಪಟ್ಟಿ. ಎಂದರೆ ಒಂದು ಬಗೆಯಲ್ಲಿ 1,200 ರೂಪಾಯಿ, ಇನ್ನೊಂದರಲ್ಲಿ 600. ವರ್ಷಕ್ಕೆ 14,400, ಇಲ್ಲವೆ 7,200. ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಗೆ ಗೊತ್ತುಪಡಿಸಿದ ತಿಂಗಳ 2,000 ರೂಪಾಯಿಯೊಡನೆ ಇದನ್ನು ತೂಗಿ ನೋಡಿದರೆ ಭಾರ ತಿಳಿಯುತ್ತದೆ. ಹುಟ್ಟಿನಿಂದಲ್ಲದಿದ್ದರೂ ಬಾಲ್ಯದಲ್ಲಿಯೇ ಇನ್ಸುಲಿನ್ನಿನ ಆಸರೆಗೆ ಬಂದ ಮಗುವಿದ್ದ ಮನೆಯ ಪಾಡು ಇನ್ನೂ ಕಠಿಣ. ಆ ಮಗುವಿಗೆ ದಿನಕ್ಕೆ ನಾಲ್ಕು ಸಲವಾದರೂ ಪರೀಕ್ಷೆ ಬೇಕು. ವರ್ಷಕ್ಕೆ 1,460 ಪಟ್ಟಿ. ಹತ್ತು ರೂಪಾಯಿಯ ಪಟ್ಟಿಯೆಂದರೂ 14,600 ರೂಪಾಯಿ, ಇನ್ಸುಲಿನ್ ಮತ್ತು ಸೂಜಿಯ ಖರ್ಚು ಬೇರೆ. ಕಬ್ಬಿನ ಬಿಲ್ಲು ಬರುವುದು ವರ್ಷಕ್ಕೊಮ್ಮೆ, ಅದೂ ಕಾರ್ಖಾನೆಯ ಮರ್ಜಿಯಂತೆ. ಬೀಡಿ ಕಟ್ಟುವ ನಿಪ್ಪಾಣಿಯ ತಾಯಂದಿರಿಗೆ ಕೂಲಿ ಬರುವುದು ಕಟ್ಟಿದ ಎಣಿಕೆಯಂತೆ. ಔಷಧ ಅಂಗಡಿಯವರಿಗಾದರೋ ರೊಕ್ಕ ಅಂದಂದಿಗೇ ಬೇಕು.

ಹಣವಿದ್ದರೂ ಮುಗಿಯಲಿಲ್ಲ. ಚಿಕ್ಕೋಡಿ, ಅಥಣಿ, ನಿಪ್ಪಾಣಿಗಳಂತಹ ಪೇಟೆಯೂರುಗಳಲ್ಲಿ ಎರಡು ಮೂರು ಮಾದರಿಯ ಪಟ್ಟಿಗಳು ಸಿಗುತ್ತವೆ. ಒಳಹಳ್ಳಿಯ ಅಂಗಡಿಯಲ್ಲಿ ಕೇಳಿದರೆ “ನಾಳೆ ತರಸ್ತೀನ್ರಿ” ಎಂಬ ಭರವಸೆ. ಕಾಗವಾಡ, ಉಗಾರದ ಕಡೆಯವರು ಮಿರಜಕ್ಕೆ ಹೋಗಿ ತರುವುದುಂಟು. 1894ರಲ್ಲಿ ಡಾ. ವಾನ್‌ಲೆಸ್ ಅವರು ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಮಿರಜ ನಮ್ಮ ಗಡಿಯವರಿಗೆ ವೈದ್ಯಕೀಯದ ಊರು. ಆದರೆ ಐವತ್ತು ಪಟ್ಟಿಗಾಗಿ ರಾಜ್ಯ ದಾಟಿ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಕಳೆದುಕೊಂಡರೆ ಪಟ್ಟಿಯ ಬೆಲೆ ಎಷ್ಟಾಯಿತೆಂದು ಯಾರು ಬರೆದಿಡುತ್ತಾರೆ? ಮಳೆಗಾಲದಲ್ಲಿ ಇನ್ನೊಂದು ಸಂಕಟ. ಕಲ್ಲೋಳ-ಯಡೂರ ಸೇತುವೆಯಂತಹ ತಗ್ಗಿನ ಸೇತುವೆಗಳು ನೀರಿನಡಿ ಹೋದವೆಂದರೆ ದಂಡೆಯ ಊರುಗಳಿಗೆ ಸುತ್ತುಬಳಸಿನ ದಾರಿಯೇ ಗತಿ. 2019ರ ಆಗಸ್ಟಿನಲ್ಲಿಯೂ 2021ರ ಜುಲೈನಲ್ಲಿಯೂ ಕೃಷ್ಣೆ ಉಕ್ಕಿ ಹರಿದದ್ದನ್ನು ಕಂಡವರು ಜೂನ್ ತಿಂಗಳಿನಲ್ಲಿಯೇ ಇನ್ಸುಲಿನ್ನಿನೊಡನೆ ಪಟ್ಟಿಯ ಒಂದು ಡಬ್ಬಿಯನ್ನೂ ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಕ್ಷೇಮ.

ಇಷ್ಟು ಬೆಲೆಯ ಈ ಪಟ್ಟಿಯಲ್ಲಿ ಏನಿದೆ? ಅದರ ತುದಿಯಲ್ಲಿ ರಕ್ತದ ಸಕ್ಕರೆಯೊಡನೆ ಮಾತ್ರ ವರ್ತಿಸುವ ಕಿಣ್ವವೊಂದನ್ನು ಲೇಪಿಸಿರುತ್ತಾರೆ. ರಕ್ತದ ಹನಿ ತಾಗಿದಾಗ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಯಂತ್ರ ಅಳೆದು ಅಂಕೆಯಾಗಿ ತೋರಿಸುತ್ತದೆ. ನಮ್ಮ ಹಿರಿಯರ ಕಾಲದಲ್ಲಿ ಇದಾವುದೂ ಇರಲಿಲ್ಲ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಸುಶ್ರುತನ ಕಾಲದ ವೈದ್ಯರೇ ಗುರುತಿಸಿದ್ದರು. ಕಳೆದ ಶತಮಾನದಲ್ಲಿ ಬೆನೆಡಿಕ್ಟ್ ದ್ರಾವಣವೆಂಬ ನೀಲಿ ನೀರಿನಲ್ಲಿ ಮೂತ್ರ ಹಾಕಿ ಕಾಯಿಸಿ, ಬಣ್ಣ ಹಸಿರಾಯಿತೋ, ಹಳದಿಯಾಯಿತೋ, ಇಟ್ಟಿಗೆಯ ಕೆಂಪಾಯಿತೋ ಎಂದು ನೋಡುತ್ತಿದ್ದರು. ರಕ್ತದ ಸಕ್ಕರೆ ಸುಮಾರು 180 ಮಿ.ಗ್ರಾಂ. ದಾಟಿದ ಮೇಲೆಯೇ ಮೂತ್ರದಲ್ಲಿ ಕಾಣಿಸುವುದರಿಂದ ಆ ಪರೀಕ್ಷೆ ಏರಿಕೆಯನ್ನು ತಡವಾಗಿ ಹೇಳುತ್ತಿತ್ತು. ಇಳಿಕೆಯನ್ನಂತೂ ಹೇಳುತ್ತಲೇ ಇರಲಿಲ್ಲ. 1965ರಲ್ಲಿ ರಕ್ತಕ್ಕೆ ಬಣ್ಣ ಬದಲಿಸುವ ಪಟ್ಟಿ ಅಮೆರಿಕೆಯಲ್ಲಿ ಬಂದಿತು, 1970ರ ಸುಮಾರಿಗೆ ಅದನ್ನು ಓದುವ ಯಂತ್ರ. ಆ ಬಣ್ಣದ ಪಟ್ಟಿಗಳನ್ನು ಉದ್ದಕ್ಕೆ ಸೀಳಿ ಒಂದನ್ನು ಎರಡು ಮಾಡಿಕೊಳ್ಳುವ ಮಿತವ್ಯಯಿಗಳು ಅಲ್ಲಿಯೂ ಇದ್ದರು. ಇಂದಿನ ವಿದ್ಯುತ್ ಪಟ್ಟಿಯನ್ನು ಹಾಗೆ ಸೀಳಿದರೆ ಅದು ಕೆಲಸಕ್ಕೆ ಬಾರದು. ಆ ಉಪಾಯವನ್ನು ಯಾರೂ ಮಾಡಬಾರದು.

ಇಳಿಕೆ ಎಂದೆವು. ಪಟ್ಟಿಯಿಲ್ಲದ ಮನೆಯಲ್ಲಿ ನಿಜವಾದ ಅಪಾಯವಿರುವುದು ಅಲ್ಲಿಯೇ. ಇನ್ಸುಲಿನ್ನಿನವರಿಗೆ, ಹಾಗೆಯೇ ಕೆಲವು ಬಗೆಯ ಗುಳಿಗೆ ತೆಗೆದುಕೊಳ್ಳುವವರಿಗೆ ಊಟ ತಪ್ಪಿದರೆ ಸಕ್ಕರೆ 70 ಮಿ.ಗ್ರಾಂ.ಗಿಂತ ಕೆಳಗಿಳಿದು ಬೆವರು, ನಡುಕ, ಮಂಕು ಕವಿಯುತ್ತದೆ; ಲಕ್ಷ್ಯ ಕೊಡದಿದ್ದರೆ ಎಚ್ಚರ ತಪ್ಪುತ್ತದೆ. ಶ್ರಾವಣ ಸೋಮವಾರ, ಶಿವರಾತ್ರಿಗಳಂದು ಹಿರಿಯರು “ಇಷ್ಟು ವರ್ಷ ಬಿಟ್ಟಿಲ್ಲ, ಈಗ ಬಿಡಲೇ?” ಎಂದು ಉಪವಾಸ ಹಿಡಿಯುತ್ತಾರೆ; ಔಷಧ ಮಾತ್ರ ಎಂದಿನಂತೆ ಒಳಗೆ ಹೋಗಿರುತ್ತದೆ. ಸಂಜೆಗೆ ಸಾಬೂದಾಣಿ ಖಿಚಡಿಯನ್ನು ಹೊಟ್ಟೆ ತುಂಬ ಉಂಡರೆ ಸಕ್ಕರೆ ಏರುವುದು ಇನ್ನೊಂದು ತುದಿ. ಅಂತಹ ವ್ರತದ ದಿನಗಳಿಗೆ ಔಷಧದ ಪ್ರಮಾಣವನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಂಡು, ಎರಡು ಪಟ್ಟಿಯನ್ನಾದರೂ ತೆಗೆದಿರಿಸಿಕೊಳ್ಳಬೇಕು. ಪಟ್ಟಿಯೇ ಇಲ್ಲದಾಗ ಇಳಿಕೆಯ ಲಕ್ಷಣ ಕಂಡರೆ ಪರೀಕ್ಷೆಗಾಗಿ ಕಾಯದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸುವುದೇ ಸರಿ. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಪಟ್ಟಿ ವ್ಯರ್ಥವಾಗುವ ಬಗೆ. ಪ್ರಾತಃಕಾಲ ಇಷ್ಟಲಿಂಗ ಪೂಜೆ ಮುಗಿಸಿ, ಬಾಳೆಹಣ್ಣು ಸಕ್ಕರೆಯ ಪ್ರಸಾದ ಸ್ವೀಕರಿಸಿ, ಅದೇ ಕೈಯಿಂದ ಬೆರಳು ಚುಚ್ಚಿ ನೋಡುವವರಿದ್ದಾರೆ. ಬೆರಳಿಗಂಟಿದ ಹಣ್ಣಿನ ರಸವೇ ಅಂಕೆಯನ್ನು ಎಷ್ಟೋ ಏರಿಸಿಬಿಡುತ್ತದೆ. ಮನೆಮಂದಿ ಗಾಬರಿಗೊಂಡು ಮತ್ತೊಂದು ಪಟ್ಟಿ, ಮಗುದೊಂದು ಪಟ್ಟಿ ಎಂದು 60 ರೂಪಾಯಿ ಕಳೆಯುತ್ತಾರೆ. ಪರೀಕ್ಷೆಯನ್ನು ಪ್ರಸಾದಕ್ಕೆ ಮೊದಲು ಮಾಡಬೇಕು. ಸಾಬೂನಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಬೆರಳಿನ ತುದಿಗಲ್ಲ, ಪಕ್ಕಕ್ಕೆ ಚುಚ್ಚಬೇಕು. ಪಕ್ಕದಲ್ಲಿ ನೋವೂ ಕಡಿಮೆ. ಎರಡನೆಯದಾಗಿ, ಅಂಕೆಯಲ್ಲಿ ಸಣ್ಣ ವ್ಯತ್ಯಾಸ ಸಹಜವೆಂದು ತಿಳಿದಿರಬೇಕು. 2013ರ ಅಂತರರಾಷ್ಟ್ರೀಯ ಮಾನದಂಡವೇ 100 ಮಿ.ಗ್ರಾಂ. ಮೇಲ್ಪಟ್ಟ ಸಕ್ಕರೆಗೆ ಶೇ. 15ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ನಿಜವಾದ ಸಕ್ಕರೆ 160 ಇದ್ದಾಗ ಯಂತ್ರ 140 ತೋರಿಸಿದರೂ 180 ತೋರಿಸಿದರೂ ಅದು ಕೆಟ್ಟಿದೆಯೆಂದು ಅರ್ಥವಲ್ಲ. ಡಬ್ಬಿಯನ್ನು ಒಲೆಯ ಮೇಲಿನ ಮಾಡದಲ್ಲಾಗಲಿ, ಫ್ರಿಜ್ಜಿನಲ್ಲಾಗಲಿ ಇಡಬಾರದು. ಪಟ್ಟಿ ತೆಗೆದ ಕೂಡಲೆ ಮುಚ್ಚಳ ಒತ್ತಬೇಕು, ತೇವ ತಾಗಿದ ಕಿಣ್ವ ಸತ್ತಂತೆಯೇ. ಕೆಲವು ಕಂಪನಿಗಳ ಡಬ್ಬಿ ಒಡೆದ ಮೂರು ತಿಂಗಳಲ್ಲಿ ತೀರಬೇಕು. ಆದುದರಿಂದ ಒಡೆದ ದಿನಾಂಕವನ್ನು ಮೇಲೆ ಬರೆದಿಡುವುದು ಲೇಸು.

ಎಲ್ಲರೂ ದಿನವೂ ಚುಚ್ಚಿಕೊಳ್ಳಬೇಕೆಂಬ ನಿಯಮವೂ ಇಲ್ಲ. ಸಕ್ಕರೆ ಇಳಿಸಿಬಿಡುವ ಸ್ವಭಾವವಿಲ್ಲದ ಮೆಟ್‌ಫಾರ್ಮಿನ್‌ನಂತಹ ಗುಳಿಗೆಯೊಂದರ ಮೇಲೆಯೇ ಇರುವವರಿಗೆ ನಿತ್ಯ ಪರೀಕ್ಷೆಯಿಂದ ದೊಡ್ಡ ಪ್ರಯೋಜನವಿಲ್ಲವೆಂಬುದು ಬಹುಮಟ್ಟಿನ ವೈದ್ಯಾಭಿಪ್ರಾಯ. ಅವರು ಮೂರು ಇಲ್ಲವೆ ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಂಡರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯೇ ತಿಳಿಯುತ್ತದೆ. ಅನುಕೂಲಸ್ಥರ ಮನೆಯಲ್ಲಿ ಅಗತ್ಯವಿಲ್ಲದೆ ದಿನಕ್ಕೆ ಮೂರು ಪಟ್ಟಿ ಹಾಳಾಗುತ್ತಿರುವಾಗ, ಅದೇ ಓಣಿಯ ಇನ್ಸುಲಿನ್ನಿನ ಮಗುವಿಗೆ ವಾರಕ್ಕೆ ಮೂರೂ ಇಲ್ಲದಿರುವುದು ನಮಗೆ ಸರಿಕಾಣುವುದಿಲ್ಲ.

ಸರಕಾರದ ಕಡೆಯಿಂದ ದೊರೆಯುವುದನ್ನು ಬಿಡಬಾರದು. ತಾಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಪರೀಕ್ಷೆಗೆ ಶುಲ್ಕವಿಲ್ಲ. ರಾಜ್ಯ ಸರಕಾರವು 2024ರಲ್ಲಿ ಕೋಲಾರದಲ್ಲಿ ಮೊದಲು ಆರಂಭಿಸಿದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೇ ಬಂದು ಪರೀಕ್ಷಿಸುವ ಉದ್ದೇಶದ್ದು. ಜನೌಷಧಿ ಕೇಂದ್ರಗಳ ಪಟ್ಟಿಯಲ್ಲಿ ಗ್ಲುಕೋಮೀಟರ್ ಕೂಡ ಸೇರಿದೆ. ಹೊಸದಾಗಿ ಯಂತ್ರ ಕೊಳ್ಳುವವರು ಅಲ್ಲಿ ವಿಚಾರಿಸಿ, ಪಟ್ಟಿ ತಪ್ಪದೆ ಸಿಗುವುದೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಕೊಳ್ಳಲಿ. 2025ರ ಸೆಪ್ಟೆಂಬರ್ 22ರಿಂದ ಗ್ಲುಕೋಮೀಟರ್ ಮತ್ತು ಪಟ್ಟಿಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿದಿದೆ. ತೆರಿಗೆ ಸೇರಿ 1,000 ರೂಪಾಯಿ ಇದ್ದ ಡಬ್ಬಿ ಸುಮಾರು 937 ರೂಪಾಯಿಗೆ ಬರಬೇಕಾದುದು ನ್ಯಾಯ. ಬಿಲ್ಲು ಕೇಳಿ ಪಡೆಯುವುದಕ್ಕೆ ಸಂಕೋಚವೇಕೆ?

ಉಳಿದುದನ್ನು ನಮ್ಮ ಸಮಾಜವೇ ಮಾಡಿಕೊಳ್ಳಬೇಕು, ಮಾಡಿಕೊಳ್ಳಲೂಬಲ್ಲದು. ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಬಡಮಕ್ಕಳ ವಿದ್ಯೆಗೆಂದು ಬಿಟ್ಟುಹೋದ, ಏಳು ಜನ ಶಿಕ್ಷಕರ ಸಂಕಲ್ಪದಿಂದ 1916ರಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದ ಜಿಲ್ಲೆಯಿದು. ಅಥಣಿಯ ಮುರುಘೇಂದ್ರ ಶಿವಯೋಗಿಗಳು (1836–1921) ಬಾಳಿದ ನೆಲವಿದು. ಹಿಡಿ ಜೋಳ ಕೂಡಿಸಿ ಪ್ರಸಾದ ನಿಲಯಗಳನ್ನು ನಡೆಸಿದವರಿಗೆ ಪಟ್ಟಿಯ ಡಬ್ಬಿಗಳನ್ನು ಕೂಡಿಸುವುದು ಅಸಾಧ್ಯವಲ್ಲ. ನಮ್ಮ ಸೂಚನೆ ಇಷ್ಟು: ಒಂದೊಂದು ಊರಿನ ಅಕ್ಕನ ಬಳಗ ಅಥವಾ ಮಠದ ದಾಸೋಹ ಸಮಿತಿ ಊರಿನ ಮಧುಮೇಹಿಗಳ ಯಾದಿ ಮಾಡಲಿ. ಹೊಸದಾಗಿ ಯಂತ್ರ ಕೊಳ್ಳುವವರೆಲ್ಲ ಒಂದೇ ಸ್ವದೇಶಿ ಮಾದರಿಯನ್ನು ಕೊಳ್ಳುವಂತಾದರೆ ಸಗಟು ವ್ಯಾಪಾರಿಯಿಂದ ತಿಂಗಳಿಗೊಮ್ಮೆ ಒಟ್ಟಾಗಿ ಪಟ್ಟಿ ತರಿಸಬಹುದು; ಬೆಲೆಯೂ ಇಳಿಯುವುದು, ಮಿರಜದ ಅಲೆದಾಟವೂ ತಪ್ಪುವುದು. ಒಬ್ಬರ ಮನೆಯಲ್ಲಿ ಅವಧಿ ಮುಗಿಯಲಿರುವ ಡಬ್ಬಿ ಇನ್ನೊಬ್ಬರಿಗೆ ಸಕಾಲದಲ್ಲಿ ಒದಗುವುದು. ಗೃಹಪ್ರವೇಶ, ಷಷ್ಟ್ಯಬ್ದಿಗಳಲ್ಲಿ ಅಟ್ಟ ಸೇರುವ ಸ್ಟೀಲಿನ ಪಾತ್ರೆಯ ಆಹೇರಕ್ಕೆ ಬದಲಾಗಿ ಆ ನಿಧಿಗೆ ಐವತ್ತು ಪಟ್ಟಿಯ ಒಂದು ಡಬ್ಬಿ ಸಲ್ಲಿಸಿದರೆ ಯಾರೂ ಬೇಡವೆನ್ನರು. ಮೊದಲ ಹಕ್ಕು ಇನ್ಸುಲಿನ್ನಿನ ಮಕ್ಕಳದು, ಗರ್ಭಿಣಿಯರದು, ಒಂಟಿಯಾಗಿರುವ ವೃದ್ಧರದು ಎಂಬ ಕ್ರಮವನ್ನು ಸಮಿತಿಯೇ ಗೊತ್ತುಮಾಡಿಕೊಳ್ಳಲಿ.

ಶಿಬಿರ ನಡೆಸುವವರಿಗೆ ಒಂದು ಮಾತು. ಯಂತ್ರ ಹಲವರ ಕೈದಾಟಬಹುದು, ಚುಚ್ಚುವ ಸೂಜಿ ದಾಟಬಾರದು. ಕೂಡುಕುಟುಂಬಗಳಲ್ಲಿ ಒಂದೇ ಸೂಜಿಯಿಂದ ಅತ್ತೆ ಸೊಸೆ ಇಬ್ಬರೂ ಚುಚ್ಚಿಕೊಳ್ಳುವುದನ್ನು ಕೇಳಿದ್ದೇವೆ. ಕಾಮಾಲೆಯ ಬಿ ವೈರಾಣು ಹರಡುವುದಕ್ಕೆ ಅಷ್ಟೇ ಸಾಕು. ಸೂಜಿ ಹಿಡಿಯುವ ಪೆನ್ನನ್ನೂ ಹಂಚಿಕೊಳ್ಳಬಾರದು. ಬಳಸಿದ ಸೂಜಿಗಳನ್ನು ತಿಪ್ಪೆಗೆ ಎಸೆಯದೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಹಾಕಿ, ಡಬ್ಬಿ ತುಂಬಿದ ಮೇಲೆ ಆರೋಗ್ಯ ಕೇಂದ್ರದವರಿಗೆ ಒಪ್ಪಿಸಬೇಕು. ತಿಪ್ಪೆ ಕೆದರಿ ಗೊಬ್ಬರ ತುಂಬುವವರು ಬರಿಗಾಲಿನಲ್ಲಿಯೇ ನಿಂತಿರುತ್ತಾರೆ.