ಜಮಖಾನದ ಎಳೆ ಪರದೆಯಲ್ಲೂ ಕಾಣಬೇಕಾದರೆ

ನವಲಗುಂದದ ಜಮಖಾನ ಕೊಳ್ಳುವವರು ಮೊದಲು ಅದನ್ನು ಮುಟ್ಟಿ ನೋಡುತ್ತಾರೆ. ಆಮೇಲೆ ಅಂಚು, ನಡುವಿನ ನವಿಲು, ಪಗಡೆ ಹಾಸಿನ ಚೌಕಗಳತ್ತ ಕಣ್ಣು ಹೋಗುತ್ತದೆ. ಅಂತರ್ಜಾಲದಲ್ಲಿ ಕೊಳ್ಳುವವರಿಗೆ ಮುಟ್ಟುವ ಅವಕಾಶವಿಲ್ಲ, ಫೋಟೊ ಒಂದೇ ಆಧಾರ. ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ನೇಯುವ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಹಾಸು ಪರದೆಯ ಮೇಲೆ ಮಂಕಾಗಿ ಕಂಡರೆ ನೇಯ್ಗೆಯನ್ನು ದೂರಬೇಕಿಲ್ಲ. ಎಷ್ಟೋ ಸಲ ಎಡವಟ್ಟಾಗಿರುವುದು ಫೋಟೊದ ಅಳತೆಯಲ್ಲಿ.

ಇಲ್ಲಿ ಅಳತೆ ಎಂದರೆ ಪಿಕ್ಸೆಲ್, ಅಂದರೆ ಚಿತ್ರವನ್ನು ಕಟ್ಟುವ ಬಣ್ಣದ ಚುಕ್ಕೆಗಳ ಲೆಕ್ಕ. 12 ಮೆಗಾಪಿಕ್ಸೆಲ್ ಮೊಬೈಲ್ ಕ್ಯಾಮೆರಾ ತೆಗೆಯುವ ಫೋಟೊ ಸುಮಾರು 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇರುತ್ತದೆ, ಒಟ್ಟು 1.2 ಕೋಟಿ ಚುಕ್ಕೆ. ಅದನ್ನು ನೋಡುವ ಪರದೆಗಳು ಅಷ್ಟು ದೊಡ್ಡವಲ್ಲ. ಅಗ್ಗದ ಮೊಬೈಲುಗಳ ಪರದೆಯ ಅಗಲ 720 ಪಿಕ್ಸೆಲ್, ಸ್ವಲ್ಪ ದುಬಾರಿಯವುಗಳದ್ದು 1080, ಫುಲ್ ಎಚ್‌ಡಿ ಕಂಪ್ಯೂಟರಿನದ್ದು 1920. ಮಿಕ್ಕ ಚುಕ್ಕೆಗಳು ನೋಡುವವರ ಡೇಟಾ ಖಾಲಿ ಮಾಡುತ್ತವೆ, ಅಷ್ಟೆ. ಸೆಕೆಂಡಿಗೆ 2 ಮೆಗಾಬಿಟ್ ವೇಗವಿದ್ದರೆ 4 ಎಂಬಿ ಚಿತ್ರ ತೆರೆಯಲು 16 ಸೆಕೆಂಡ್ ಬೇಕು. ಅದೇ ಚಿತ್ರವನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ 400 ಕೆಬಿ ಮಾಡಿದರೆ ಎರಡು ಸೆಕೆಂಡೂ ಬೇಡ.

ಹಾಗೆಂದು ತೀರಾ ಸಣ್ಣದು ಮಾಡುವುದೂ ತಪ್ಪು. ಕೊಳ್ಳುವವರು ಬೆರಳಿನಿಂದ ಚಿತ್ರ ಹಿಗ್ಗಿಸಿ ಎಳೆ ನೋಡಲು ಬಯಸುತ್ತಾರೆ. ಅಮೆಜಾನ್‌ನಂಥ ಮಾರಾಟ ತಾಣದಲ್ಲಿ ಈ ಸೌಲಭ್ಯ ಸಿಗಬೇಕಾದರೆ ಚಿತ್ರದ ಉದ್ದನೆಯ ಬದಿ ಕನಿಷ್ಠ 1000 ಪಿಕ್ಸೆಲ್ ಇರಬೇಕು. ಜಮಖಾನಕ್ಕೆ ಅದೂ ಸಾಲದು. ಇಡೀ ಹಾಸಿನ ಚಿತ್ರ 2000 ಪಿಕ್ಸೆಲ್ ಇರಲಿ, ನವಿಲಿನದ್ದು, ಅಂಚಿನದ್ದು ಹತ್ತಿರದಿಂದ ತೆಗೆದ ಫೋಟೊಗಳು ಬೇರೆ ಇರಲಿ.

ಬಣ್ಣದ ಸಂಗತಿ ಇನ್ನೂ ಸೂಕ್ಷ್ಮ. ಜೆಪೆಗ್ ವಿಧಾನ ಚಿತ್ರವನ್ನು 8x8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಸಾಮಾನ್ಯವಾಗಿ ಬೆಳಕು ನೆರಳಿನ ವಿವರವನ್ನು ಬಹುಮಟ್ಟಿಗೆ ಉಳಿಸಿಕೊಂಡು, ಬಣ್ಣದ ವಿವರವನ್ನು ಹೆಚ್ಚು ಇಳಿಸುತ್ತದೆ. ಮುಖದ ಫೋಟೊದಲ್ಲಿ ಇದು ಗೊತ್ತಾಗುವುದಿಲ್ಲ. ಕಪ್ಪಿನ ಪಕ್ಕ ಕೆಂಪು ಪಟ್ಟಿ ಇರುವ ಹಾಸಿನಲ್ಲಿ ಮಾತ್ರ ಕೆಂಪು ಬಣ್ಣ ಗೆರೆ ದಾಟಿ ಹರಡಿದಂತೆ ಕಾಣುತ್ತದೆ. ಚಿತ್ರ ಸಣ್ಣದಾದಷ್ಟೂ ಪಟ್ಟಿ ತೆಳುವಾಗಿ ಈ ದೋಷ ಎದ್ದು ತೋರುತ್ತದೆ. ಒತ್ತಾದ ಎಳೆಗಳ ಚಿತ್ರವನ್ನು ಒರಟಾಗಿ ಕುಗ್ಗಿಸಿದರೆ ನೇಯ್ಗೆಯಲ್ಲೇ ಇಲ್ಲದ ಅಲೆಗಳೂ ಮೂಡುತ್ತವೆ.

ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ದಾರಿಯಲ್ಲೇ ಕುಗ್ಗುತ್ತದೆ. 2023ರಲ್ಲಿ ಎಚ್‌ಡಿ ಆಯ್ಕೆ ಬಂದಿದೆ; ಅದಕ್ಕಿಂತ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸುವುದು ಒಳ್ಳೆಯದು, ಮೂಲ ಫೈಲು ಹಾಗೆಯೇ ತಲುಪುತ್ತದೆ.

ಚಿತ್ರದ ಆಕಾರವೂ ಮುಖ್ಯ. ಉದ್ದನೆಯ ಹಾಸನ್ನು ಚೌಕ ಚೌಕಟ್ಟಿಗೆ ತುರುಕಿದರೆ ಅಂಚು ಹೋಗುತ್ತದೆ. ಕಲಘಟಗಿಯ ಬಣ್ಣದ ತೊಟ್ಟಿಲಿನ ಗತಿಯೂ ಅಷ್ಟೇ, ಕಾಲೋ ಮೇಲಿನ ಚಿತ್ತಾರವೋ ಕತ್ತರಿಸಿ ಹೋಗುತ್ತದೆ. ತೆಗೆಯುವಾಗಲೇ ಸುತ್ತ ಜಾಗ ಬಿಟ್ಟುಕೊಳ್ಳಬೇಕು.

ಮಾರಾಟಕ್ಕಲ್ಲದೆ ದಾಖಲೆಗೆಂದು ತೆಗೆದ ಫೋಟೊದ ಲೆಕ್ಕ ಪೂರ್ತಿ ಬೇರೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ 76 ಕಂಬಗಳಿವೆ, ಗೋಡೆಯ ತುಂಬ ಕಲ್ಯಾಣ ಚಾಲುಕ್ಯರ ಕಾಲದ ಕೆತ್ತನೆಯಿದೆ. ಅದರ ಫೋಟೊವನ್ನು ವಿಕಿಮೀಡಿಯ ಕಾಮನ್ಸ್‌ಗೆ ಹಾಕುವವರು ಒಂದು ಪಿಕ್ಸೆಲನ್ನೂ ಇಳಿಸಬಾರದು. ಓದುಗರಿಗೆ ಬೇಕಾದ ಸಣ್ಣ ಪ್ರತಿಗಳನ್ನು ಆ ತಾಣವೇ ಮಾಡಿಕೊಳ್ಳುತ್ತದೆ. ಕಲ್ಲು ಸವೆದ ಮೇಲೆ ಸಂಶೋಧಕರು ಹುಡುಕುವುದು ದೊಡ್ಡ ಚಿತ್ರವನ್ನೇ.

ಹಾಗಾಗಿ ಮೂಲ ಫೋಟೊವನ್ನು ಮುಟ್ಟದೆ ಒಂದು ಕಡೆ ಎತ್ತಿಡಿ, ಅಳತೆ ಇಳಿಸುವುದೇನಿದ್ದರೂ ನಕಲಿನ ಮೇಲೆ ನಡೆಯಲಿ. 4000 ಪಿಕ್ಸೆಲ್ ಚಿತ್ರದಿಂದ 800 ಪಿಕ್ಸೆಲ್‌ನದ್ದನ್ನು ಯಾವಾಗ ಬೇಕಾದರೂ ಮಾಡಬಹುದು. 800ಕ್ಕೆ ಇಳಿಸಿ ಮೂಲ ಅಳಿಸಿಬಿಟ್ಟರೆ ಕಳೆದುಹೋದ ಎಳೆಗಳನ್ನು ಯಾವ ತಂತ್ರಾಂಶವೂ ಇದ್ದಂತೆ ಮರಳಿ ತರಲಾರದು.